ಮೋರ್ಯರು ಎಲ್ಲಿಗೆ ಹೋದರು?

ಮಧ್ಯ ಏಷ್ಯಾದ ಟೊಖಾರಿಯನ್ನರ ಬಗ್ಗೆ ನಿಮ್ಮಲ್ಲಿ ಕೆಲವರು ಓದಿರಬಹುದು. ತಕ್ಲಮಕಾನ್ ಮರುಭೂಮಿಯ ಅಂಚಿನಲ್ಲಿ ಕುಚಾ, ತುರ್ಫಾನ್ ಕಡೆ ಬಾಳಿದ ಜನ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದ ಕುಮಾರಜೀವ ಹುಟ್ಟಿದ್ದು ಇದೇ ಕುಚಾದಲ್ಲಿ. 9ನೇ ಶತಮಾನದಲ್ಲಿ ಉಯ್ಘರರು ಅಲ್ಲಿ ನೆಲೆಸಿದ ಮೇಲೆ ಇವರ ಭಾಷೆ ನಿಧಾನವಾಗಿ ನಿಂತುಹೋಯಿತು. ಆದರೆ ಅವರ ಹಸ್ತಪ್ರತಿಗಳು ಮರಳಿನಲ್ಲಿ ಉಳಿದಿದ್ದವು. 1908ರಲ್ಲಿ ಜರ್ಮನಿಯ ಝೀಗ್ ಮತ್ತು ಝೀಗ್ಲಿಂಗ್ ಅವನ್ನು ಓದಿ, ಇದು ಇಂಡೋ-ಯುರೋಪಿಯನ್ ಭಾಷೆ ಎಂದು ತೋರಿಸಿದರು.

ನಮ್ಮ ಕಡೆಯೂ ಹೀಗೆ 'ಮಾಯವಾದ' ಜನ ಇದ್ದಾರೆ ಸ್ವಾಮಿ. ಅವರು ಒಂದಕ್ಷರವನ್ನೂ ಬಿಟ್ಟು ಹೋಗಿಲ್ಲ. ಬಿಟ್ಟಿದ್ದು ಬರೀ ಕಲ್ಲು.

ನಮ್ಮೂರು ಬೆಲ್ಲದ ಬಾಗೇವಾಡಿ. ಅಲ್ಲಿಂದ ಗೋಕಾಕ ಕಡೆ ಹೋದರೆ ಘಟಪ್ರಭೆಯ ದಡದಲ್ಲಿ ಕೊಣ್ಣೂರು ಸಿಗುತ್ತದೆ. ಅದರ ಹತ್ತಿರ ಇಂಥ ಕಲ್ಲಿನ ಗೋರಿಗಳಿವೆ. ಐಹೊಳೆಯ ಮೇಗುತಿ ಗುಡ್ಡದ ಮೇಲೂ ಇವೆ. ಸುತ್ತ ನಿಲ್ಲಿಸಿದ ಚಪ್ಪಡಿಗಳು, ಮೇಲೆ ಮುಚ್ಚಲು ಇನ್ನೊಂದು ದೊಡ್ಡ ಚಪ್ಪಡಿ. ಕೆಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಎಲ್ಲಕ್ಕಿಂತ ದೊಡ್ಡ ಗುಂಪು ನೋಡಬೇಕೆಂದರೆ ಗಂಗಾವತಿ ತಾಲೂಕಿನ ಹಿರೇಬೆಣಕಲ್‌ಗೆ ಹೋಗಬೇಕು. ಗುಡ್ಡದ ಮೇಲೆ ಸುಮಾರು 400 ರಚನೆಗಳಿವೆ. 2021ರಲ್ಲಿ ಅದು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು.

ಜನ ಇವನ್ನು ಪಾಂಡವರ ಮನೆ ಅಥವಾ ಮೋರ್ಯರ ಮನೆ ಅನ್ನುತ್ತಾರೆ. ಕಥೆ ಹೀಗಿದೆ: ಮೋರ್ಯರು ಗೇಣುದ್ದದ ಮಂದಿ, ಅದಕ್ಕೇ ಮನೆ ಚಿಕ್ಕದು, ಬಾಗಿಲು ಇನ್ನೂ ಚಿಕ್ಕದು. ಒಂದು ದಿನ ಆಕಾಶದಿಂದ ಬೆಂಕಿಯ ಮಳೆ ಸುರಿಯಿತು, ಎಲ್ಲರೂ ಒಳಗೇ ಸತ್ತರು. ಅಲ್ಲಿಗೆ ಮೋರ್ಯರ ಕಥೆ ಮುಗಿಯಿತು!

ಕಥೆ ಚೆನ್ನಾಗಿದೆ, ಆದರೆ ಇವು ಮನೆಗಳೇ ಅಲ್ಲ. ಇಂಥ ಗೋರಿಗಳನ್ನು ಅಗೆದಾಗ ಸಿಕ್ಕಿದ್ದು ಮನುಷ್ಯರ ಬಿಡಿ ಮೂಳೆಗಳು, ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು. ಮೂಳೆಗಳು ನಮ್ಮ ನಿಮ್ಮಂಥವರದೇ. ಎಷ್ಟೋ ಕಡೆ ಹೆಣವನ್ನು ಬೇರೆಲ್ಲೋ ಇಟ್ಟು, ನಂತರ ಮೂಳೆ ಆರಿಸಿ ತಂದು ಇಲ್ಲಿಟ್ಟಿದ್ದಾರೆ. ಇನ್ನು 'ಮೋರ್ಯ' ಅಂದರೆ ಮೌರ್ಯರು ಅನ್ನುವವರಿದ್ದಾರೆ. ಅಶೋಕನ ಶಾಸನಗಳು ಕ್ರಿ.ಪೂ. 3ನೇ ಶತಮಾನದವು. ಗೋರಿ ಕಟ್ಟುವ ಪದ್ಧತಿ ಅದಕ್ಕಿಂತ ಎಷ್ಟೋ ಹಳೆಯದು. ಅಂದಮೇಲೆ ಇದನ್ನು ಶುರು ಮಾಡಿದವರು ಮೌರ್ಯರಂತೂ ಅಲ್ಲ.

ಹಾಗಾದರೆ ಎಲ್ಲಿಂದ ಬಂದರು? 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದರು. ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಗೋರಿಯ ಜನ, ಅದರ ಮೇಲೆ ಶಾತವಾಹನರ ಕಾಲ. ಕಬ್ಬಿಣದವರು ಹೊರಗಿನಿಂದ ಇದ್ದಕ್ಕಿದ್ದಂತೆ ಬಂದರು ಎಂದು ವೀಲರ್ ತೀರ್ಮಾನಿಸಿದರು. ಕಾಲವನ್ನೂ ಕ್ರಿ.ಪೂ. 200ರ ಆಸುಪಾಸಿನಿಂದ ಲೆಕ್ಕ ಹಾಕಿದರು. ಆದರೆ 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಲೆಕ್ಕ ಬದಲಾಯಿತು. ಅಲ್ಲಿನ ಕಬ್ಬಿಣ ಸುಮಾರು ಕ್ರಿ.ಪೂ. 1000ದ್ದು. ಮುಖ್ಯ ವಿಷಯ ಇನ್ನೊಂದು. ಅಲ್ಲಿ ಹಳಬರ ಮಡಕೆ ಮತ್ತು ಹೊಸಬರ ಮಡಕೆ ಒಂದೇ ಪದರದಲ್ಲಿ ಒಟ್ಟಿಗೆ ಸಿಕ್ಕವು. ಒಬ್ಬರನ್ನು ಒರೆಸಿ ಹಾಕಿ ಇನ್ನೊಬ್ಬರು ಬಂದಿದ್ದರೆ ಹೀಗೆ ಇರುತ್ತಿರಲಿಲ್ಲ.

ಮುಗಿದಿದ್ದೂ ಹಾಗೆಯೇ. ಬ್ರಹ್ಮಗಿರಿಯಲ್ಲಿ ಗೋರಿಯ ಕಾಲದ ಪದರ ಮತ್ತು ಶಾತವಾಹನ ಕಾಲದ ಪದರ ಒಂದರಲ್ಲೊಂದು ಬೆರೆತಿವೆ. ನಡುವೆ ಬೆಂಕಿಯ ಮಳೆಯೂ ಇಲ್ಲ, ಪ್ರಳಯವೂ ಇಲ್ಲ. ಆ ಹೊತ್ತಿಗೆ ಊರುಗಳು ಬೆಳೆದವು, ವ್ಯಾಪಾರ ಬಂತು, ಬೌದ್ಧ ಮತ್ತು ವೈದಿಕ ಧರ್ಮಗಳು ಬಂದವು. ಬೆಳಗಾವಿಯ ವಡಗಾವ-ಮಾಧವಪುರದಲ್ಲಿ ಅ. ಸುಂದರ ಅವರು ಅಗೆದಾಗ ಕಂಡದ್ದು ಅಂಥದೇ ಒಂದು ಶಾತವಾಹನ ಕಾಲದ ಪಟ್ಟಣ. ಸತ್ತವರಿಗೆ ಕಲ್ಲಿನ ಕೋಣೆ ಕಟ್ಟುವುದನ್ನು ಜನ ಬಿಟ್ಟರು, ಅಷ್ಟೇ. ಪದ್ಧತಿ ಸತ್ತಿತು, ಜನ ಸಾಯಲಿಲ್ಲ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಬರೆದವನ ಹೆಸರು ಯಾರಿಗೂ ಗೊತ್ತಿಲ್ಲದ ಹಳೇ ಕೋಡ್ ಎಷ್ಟೋ ಇರುತ್ತದೆ, ಆದರೆ ದಿನಾ ಓಡುತ್ತಲೇ ಇರುತ್ತದೆ :-) ಇದೂ ಹಾಗೇ. ಗೋರಿಯವರಿಗಿಂತ ಮುಂಚಿನ ಕಲ್ಲುಕೊಡಲಿಯ ರೈತರು ಈ ನೆಲದಲ್ಲಿ ಹುರುಳಿ, ಹೆಸರು ಬೆಳೆಯುತ್ತಿದ್ದರು. ನಾವು ಇವತ್ತೂ ಹುರುಳಿಕಟ್ಟಿನ ಸಾರು ಉಣ್ಣುತ್ತೇವೆ. 'ಮೋರ್ಯರು' ಎಂದು ಬೇರೆ ಹೆಸರಿಟ್ಟು, ಗೇಣುದ್ದ ಮಾಡಿ, ಬೆಂಕಿ ಸುರಿಸಿ ಕೊಂದದ್ದು ನಮ್ಮ ಕಥೆಗಳು.

ಆ ಕಥೆಯಿಂದ ನಷ್ಟವೂ ಇದೆ. ಯಾರೋ ಅಳಿದುಹೋದವರ ಮನೆ ಅಂದುಕೊಂಡವರು ನಿಧಿಗಾಗಿ ಚಪ್ಪಡಿ ಒಡೆಯುತ್ತಾರೆ, ಹೊಲದ ಬದುವಿಗೆ ಎಳೆದೊಯ್ಯುತ್ತಾರೆ. ಒಳಗಿರುವುದು ಮಡಕೆ ಮತ್ತು ಮೂಳೆ. ನಮ್ಮ ಮುತ್ತಜ್ಜ-ಮುತ್ತಜ್ಜಿಯರ ಗೋರಿ ಅಂದುಕೊಂಡಿದ್ದರೆ ಹಾರೆ ಹಾಕುತ್ತಿದ್ದರೇ?

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗೆಳೆಯರೇ, ನಿಮ್ಮ ಊರಿನ ಗುಡ್ಡದಲ್ಲಿ ಇಂಥ ಕಲ್ಲು ಕಂಡರೆ ಫೋಟೋ ತೆಗೆದಿಡಿ, ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಊರಲ್ಲಿ ಅದಕ್ಕೆ ಏನಂತ ಕರೀತಾರೆ ಅನ್ನೋದನ್ನೂ ಬರೆದಿಡಿ. ಕಥೆ ಸುಳ್ಳಾದರೂ, ಆ ಕಲ್ಲನ್ನು ಇಷ್ಟು ದಿನ ನೆನಪಿಟ್ಟದ್ದು ಅದೇ ತಾನೆ?