ಕರೆದಾಗ ಬರುವ ಕಡತ



ಇಂಟರ್‌ನೆಟ್ಟಿನಲ್ಲಿ ಒಂದು ಪುಟ ತೆರೆಯುತ್ತೀರಿ. ನೀವು ಮೊದಲ ಸಾಲು ಓದುತ್ತಿರುವಾಗಲೇ ಉಳಿದ ಭಾಗಗಳು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಈ ಸೌಕರ್ಯ ಹೇಗೆ ದೊರೆಯಿತು, ಅದರೊಡನೆ ಯಾವ ಅಪಾಯ ಒಳಬಂತು ಎಂಬುದನ್ನು ತಿಳಿಯೋಣ.

1991ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಿಂದ ವೆಬ್ಬನ್ನು ಜಗತ್ತಿಗೆ ಪರಿಚಯಿಸಿದಾಗ ಪುಟವೆಂದರೆ ಅಚ್ಚಾದ ಹಾಳೆಯಂತಿತ್ತು. ಬಂದದ್ದನ್ನು ಬಂದಂತೆ ಓದಬೇಕು. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪ ಸಿದ್ಧಪಡಿಸಿದರು. ಪುಟಕ್ಕೆ ಕೆಲಸ ಮಾಡುವ ಶಕ್ತಿ ಬಂತು. ಹೀಗೆ ಪುಟಕ್ಕೆ ಕೆಲಸ ಹೇಳುವ ಆದೇಶಗಳೇ ಸ್ಕ್ರಿಪ್ಟ್. ಬಣ್ಣ, ಅಕ್ಷರದ ಗಾತ್ರ, ಅಂಚುಗಳನ್ನು ನಿರ್ಧರಿಸುವ ಕಡತ ಸ್ಟೈಲ್‌ಶೀಟ್. ಹೋಕನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ ಈ ಪದ್ಧತಿಗೆ 1996ರ ಡಿಸೆಂಬರಿನಲ್ಲಿ ವೆಬ್ ಒಕ್ಕೂಟದ ಮನ್ನಣೆ ಸಿಕ್ಕಿತು.

ಆದರೆ ಒಂದು ತೊಡಕಿತ್ತು. ಪುಟವನ್ನು ಮೇಲಿನಿಂದ ಕೆಳಕ್ಕೆ ಕಟ್ಟುತ್ತ ಬರುವ ಬ್ರೌಸರ್, ನಡುವೆ ಸ್ಕ್ರಿಪ್ಟ್ ಎದುರಾದರೆ ಅಲ್ಲೇ ನಿಲ್ಲುತ್ತಿತ್ತು. ಅದನ್ನು ತರಿಸಿ, ನಡೆಸಿ, ಆಮೇಲೆ ಮುಂದಿನ ಸಾಲು. ಟೆಲಿಫೋನ್ ತಂತಿಯ ನಿಧಾನದಲ್ಲಿ ಓದುಗನ ಪಾಡು, ಬರಿ ಎಲೆಯ ಮುಂದೆ ಕಾದು ಕುಳಿತ ಮದುವೆ ಮನೆಯ ಅತಿಥಿಯಂತೆ!

1998ರ ಅಕ್ಟೋಬರಿನಲ್ಲಿ, ಪುಟವನ್ನು ಕೊಂಬೆ ರೆಂಬೆಗಳ ಮರದಂತೆ ಕಾಣುವ ಡಾಮ್ ಎಂಬ ಮಾನದಂಡ ಹೊರಬಂತು. ಸ್ಕ್ರಿಪ್ಟ್ ಈ ಮರಕ್ಕೆ ಹೊಸ ರೆಂಬೆಯನ್ನು ಕಸಿ ಮಾಡಬಲ್ಲದು. ಆ ರೆಂಬೆ ಮತ್ತೊಂದು ಸ್ಕ್ರಿಪ್ಟೋ ಸ್ಟೈಲ್‌ಶೀಟೋ ಆಗಿದ್ದರೆ ಬ್ರೌಸರ್ ಅದನ್ನು ಹಿನ್ನೆಲೆಯಲ್ಲಿ ತರಿಸುತ್ತದೆ. ಪುಟ ಕಟ್ಟುವ ಕೆಲಸ ನಿಲ್ಲುವುದಿಲ್ಲ. ಆದರೆ ಮೊದಲು ಕರೆದದ್ದೇ ಮೊದಲು ಬರುತ್ತದೆಂಬ ಭರವಸೆಯಿಲ್ಲ. ಒಂದನ್ನು ನೆಚ್ಚಿದ ಇನ್ನೊಂದು ಮುಂಚೆಯೇ ಬಂದರೆ ಕೆಲಸ ಕೆಡುತ್ತದೆ; ಸ್ಟೈಲ್‌ಶೀಟ್ ತಡವಾದರೆ ಅಲಂಕಾರವಿಲ್ಲದ ಪುಟ ಕ್ಷಣಕಾಲ ಇಣುಕುತ್ತದೆ. ಪ್ರೋಗ್ರಾಮರುಗಳ ಕೈಚಳಕವಾಗಿದ್ದ ಈ ಉಪಾಯ, 2020ರ ಆವೃತ್ತಿಯಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯೊಳಗೇ ಸೇರಿತು.

ಇನ್ನು ಅಪಾಯದ ಮಾತು. ಹೊರಗಿನಿಂದ ಬಂದ ಸ್ಕ್ರಿಪ್ಟಿಗೂ ಪುಟದ ಸ್ವಂತ ಸ್ಕ್ರಿಪ್ಟಿಗೂ ಅಧಿಕಾರ ಒಂದೇ. ನೀವು ತುಂಬುವ ಹೆಸರು, ಗುಪ್ತಪದ ಎಲ್ಲವನ್ನೂ ಅದು ಓದಬಲ್ಲದು. ಹಳೆಯ ಬ್ರೌಸರುಗಳಿಗೆ ನೆರವಾಗುತ್ತಿದ್ದ ಪಾಲಿಫಿಲ್ ಡಾಟ್ ಐಒ ಎಂಬ ತಾಣ 2024ರಲ್ಲಿ ಬೇರೆಯವರ ಕೈ ಸೇರಿತು. ಅದೇ ಜೂನ್‌ನಲ್ಲಿ ಅಲ್ಲಿಂದ ದುಷ್ಟ ಸ್ಕ್ರಿಪ್ಟ್ ಹರಿಯುತ್ತಿರುವುದು ಬಯಲಾಯಿತು. ಅದನ್ನು ನಂಬಿದ್ದ ತಾಣಗಳು ಒಂದು ಲಕ್ಷಕ್ಕೂ ಹೆಚ್ಚು.

ಕಡತದ ಬೆರಳಚ್ಚನ್ನು ಪುಟದಲ್ಲೇ ಬರೆದಿಟ್ಟು, ಬಂದ ಕಡತವನ್ನು ಅದರೊಡನೆ ತಾಳೆ ನೋಡುವ ವಿಧಾನ 2016ರಿಂದಲೇ ಮಾನ್ಯವಾಗಿತ್ತು. ಆದರೆ ಆ ತಾಣ ಬ್ರೌಸರಿಗೊಂದು ಬಗೆಯ ಕಡತ ಕಳಿಸುತ್ತಿದ್ದುದರಿಂದ ಬೆರಳಚ್ಚು ಹಿಡಿಯುವಂತೆಯೇ ಇರಲಿಲ್ಲ. ಶಾಲೆಗೋ ಸಂಘಕ್ಕೋ ನೀವು ಪುಟ ರಚಿಸುವವರಾದರೆ, ಅನ್ಯರ ಸ್ಕ್ರಿಪ್ಟನ್ನು ಪರಿಶೀಲಿಸಿ ನಿಮ್ಮ ತಾಣದಲ್ಲೇ ಇರಿಸಿಕೊಳ್ಳಿ. ಹೊರಗಿನಿಂದ ತರಿಸಲೇಬೇಕಾದರೆ ಬೆರಳಚ್ಚು ಬರೆದಿಡಲು ಮರೆಯದಿರಿ.