ಪ್ಯಾರಿಸ್ ನಗರಕ್ಕೆ ಮೊದಲ ಬಾರಿಗೆ ಪ್ರವಾಸ ಕೈಗೊಳ್ಳುವವರಿಗೆ ಮಾಹಿತಿ

ಫ್ರಾನ್ಸ್ ದೇಶದ ರಾಜಧಾನಿಯಾದ ಪ್ಯಾರಿಸ್ ನಗರವು ಸೀನ್ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿದ್ದು, ಸುಮಾರು 105 ಚದರ ಕಿಲೋಮೀಟರ್ ವಿಸ್ತೀರ್ಣವನ್ನು ಹೊಂದಿರುತ್ತದೆ. ಬೆಂಗಳೂರಿಗೆ ಹೋಲಿಸಿದರೆ ಇದು ಬಹಳ ಚಿಕ್ಕ ನಗರ. ಅನೇಕ ವರ್ಷಗಳ ಉಳಿತಾಯದಿಂದ ಒಮ್ಮೆ ಮಾತ್ರ ಇಂತಹ ಪ್ರವಾಸ ಕೈಗೊಳ್ಳುವ ಕುಟುಂಬಗಳು ವೀಸಾದ ಷರತ್ತುಗಳನ್ನು ಸರಿಯಾಗಿ ತಿಳಿಯದೆ ಹಣ ಕಳೆದುಕೊಳ್ಳುವ ಸಾಧ್ಯತೆ ಇರುವುದರಿಂದ, ಆ ವಿಷಯವನ್ನು ಇಲ್ಲಿ ಮೊದಲಿಗೆ ವಿವರಿಸಲಾಗಿದೆ.

ವೀಸಾ

ಭಾರತೀಯ ನಾಗರಿಕರು ಪ್ಯಾರಿಸ್ ಪ್ರವಾಸಕ್ಕೆ ಷೆಂಗೆನ್ ವೀಸಾ ಪಡೆಯುವುದು ಕಡ್ಡಾಯ. 2025ರ ಜನವರಿ 1ರಂದು ಬಲ್ಗೇರಿಯಾ ಮತ್ತು ರುಮೇನಿಯಾ ಪೂರ್ಣವಾಗಿ ಸೇರ್ಪಡೆಯಾದ ನಂತರ ಷೆಂಗೆನ್ ವಲಯದಲ್ಲಿ 29 ದೇಶಗಳಿವೆ. ಪ್ರಯಾಣದ ದಿನಾಂಕಕ್ಕೆ 6 ತಿಂಗಳಿಗಿಂತ ಮುಂಚಿತವಾಗಿ ಅಥವಾ 15 ದಿನಗಳಿಗಿಂತ ಕಡಿಮೆ ಅವಧಿ ಇರುವಾಗ ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಅರ್ಜಿಯನ್ನು ಸಾಮಾನ್ಯವಾಗಿ 15 ದಿನಗಳಲ್ಲಿ ಇತ್ಯರ್ಥಪಡಿಸಲಾಗುವುದಾದರೂ, ಹೆಚ್ಚಿನ ಪರಿಶೀಲನೆ ಅಗತ್ಯವಾದಲ್ಲಿ 45 ದಿನಗಳವರೆಗೆ ವಿಳಂಬವಾಗಬಹುದು. ಬೇಸಿಗೆ ರಜೆಯ ಸಮಯದಲ್ಲಿ ಅರ್ಜಿ ಸಲ್ಲಿಸಲು ದಿನ ನಿಗದಿಯಾಗುವುದೇ ಕಷ್ಟವಾದ್ದರಿಂದ ಮೂರು ತಿಂಗಳು ಮುಂಚಿತವಾಗಿ ಕಾರ್ಯಪ್ರವೃತ್ತರಾಗುವುದು ಸೂಕ್ತ.

2024ರ ಜೂನ್ 11ರಿಂದ ವೀಸಾ ಶುಲ್ಕವು ವಯಸ್ಕರಿಗೆ 90 ಯೂರೋ ಹಾಗೂ 6ರಿಂದ 11 ವರ್ಷದ ಮಕ್ಕಳಿಗೆ 45 ಯೂರೋ ಆಗಿರುತ್ತದೆ. ಅರ್ಜಿ ತಿರಸ್ಕೃತವಾದಲ್ಲಿ ಶುಲ್ಕವನ್ನು ಮರುಪಾವತಿ ಮಾಡಲಾಗುವುದಿಲ್ಲ. ಆದ್ದರಿಂದ ವೀಸಾ ಕೈಸೇರುವವರೆಗೆ ರದ್ದುಪಡಿಸಲು ಅವಕಾಶವಿಲ್ಲದ ವಿಮಾನ ಟಿಕೆಟ್ ಮತ್ತು ಹೋಟೆಲ್ ಕೊಠಡಿಗಳನ್ನು ಖರೀದಿಸಬಾರದು. ಕಡಿಮೆ ದರದ ಆಸೆಗೆ ಟಿಕೆಟ್ ಮೊದಲು ಕೊಂಡು ವೀಸಾ ನಂತರ ಕೇಳುವುದು ದುಬಾರಿಯಾಗಿ ಪರಿಣಮಿಸಬಹುದು.

ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ನೀಡಿದ್ದಾಗಿದ್ದು, ಷೆಂಗೆನ್ ವಲಯದಿಂದ ಹೊರಡುವ ದಿನದ ನಂತರವೂ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರತಕ್ಕದ್ದು. ಅದರಲ್ಲಿ ಎರಡು ಖಾಲಿ ಪುಟಗಳಿರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವೈದ್ಯಕೀಯ ವಿಮೆ ಕಡ್ಡಾಯ. ಬ್ಯಾಂಕ್ ಖಾತೆಯ ವಿವರಗಳಲ್ಲಿ ವೇತನ ಅಥವಾ ಪಿಂಚಣಿ ಪ್ರತಿ ತಿಂಗಳು ಜಮೆಯಾಗುತ್ತಿರುವುದು ಕಾಣಿಸಬೇಕು. ಅರ್ಜಿಗೆ ಮುನ್ನ ಸಂಬಂಧಿಕರಿಂದ ದೊಡ್ಡ ಮೊತ್ತವನ್ನು ಪಡೆದು ಖಾತೆಯಲ್ಲಿ ತೋರಿಸುವ ಕ್ರಮವು ಅನುಕೂಲಕ್ಕಿಂತ ಸಂಶಯಕ್ಕೆ ಕಾರಣವಾಗುವುದೇ ಹೆಚ್ಚು.

ಅರ್ಜಿಯನ್ನು ಯಾವ ದೇಶಕ್ಕೆ ಸಲ್ಲಿಸಬೇಕೆಂಬುದು ತಂಗುವ ದಿನಗಳನ್ನು ಅವಲಂಬಿಸಿರುತ್ತದೆ. ಉದಾಹರಣೆಗೆ, ಪ್ಯಾರಿಸ್‌ನಲ್ಲಿ 3 ರಾತ್ರಿ ಹಾಗೂ ಸ್ವಿಟ್ಜರ್ಲೆಂಡಿನಲ್ಲಿ 5 ರಾತ್ರಿ ತಂಗುವವರು ವಿಮಾನ ಪ್ಯಾರಿಸ್‌ಗೇ ಇಳಿದರೂ ಸ್ವಿಟ್ಜರ್ಲೆಂಡಿಗೆ ಅರ್ಜಿ ಸಲ್ಲಿಸತಕ್ಕದ್ದು. ದಿನಗಳು ಸಮನಾಗಿದ್ದಲ್ಲಿ ಮೊದಲು ಪ್ರವೇಶಿಸುವ ದೇಶಕ್ಕೆ ಸಲ್ಲಿಸಬೇಕು.

ವೀಸಾ ಬಂದ ಕೂಡಲೇ ಓದಿ ನೋಡಬೇಕಾದ ಅಂಶಗಳು

ವೀಸಾ ಚೀಟಿಯ ಮೇಲೆ ಸಿಂಧುತ್ವದ ಆರಂಭ ಮತ್ತು ಅಂತ್ಯದ ದಿನಾಂಕಗಳಲ್ಲದೆ, ತಂಗಬಹುದಾದ ದಿನಗಳ ಸಂಖ್ಯೆ ಹಾಗೂ ಪ್ರವೇಶಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ನಮೂದಿಸಲಾಗಿರುತ್ತದೆ. ಜೂನ್ 1ರಿಂದ 27ರವರೆಗೆ ಎಂದು ನಮೂದಿಸಿ ದಿನಗಳ ಸಂಖ್ಯೆ 12 ಎಂದಿದ್ದಲ್ಲಿ, ಆ ಅವಧಿಯೊಳಗೆ 12 ದಿನ ಮಾತ್ರ ಇರಬಹುದು. ಇಳಿಯುವ ದಿನ ಮತ್ತು ಹೊರಡುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಹಿಂದೆ ಈ ಲೆಕ್ಕವನ್ನು ಪಾಸ್‌ಪೋರ್ಟಿನ ಮುದ್ರೆಗಳಿಂದ ಮಾಡಲಾಗುತ್ತಿತ್ತು. 2025ರ ಅಕ್ಟೋಬರ್ 12ರಿಂದ ಹಂತ ಹಂತವಾಗಿ ಜಾರಿಗೆ ಬಂದ ಪ್ರವೇಶ-ನಿರ್ಗಮನ ವ್ಯವಸ್ಥೆಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರದೊಂದಿಗೆ ಗಣಕಯಂತ್ರವೇ ದಿನಗಳನ್ನು ಎಣಿಸುತ್ತದೆ.

ಪ್ರವೇಶಗಳ ಸಂಖ್ಯೆಯ ವಿಷಯವು ಇನ್ನೂ ಮುಖ್ಯವಾದುದು. ಪ್ಯಾರಿಸ್‌ನ ಗಾರ್ ದ್ಯು ನಾರ್ ನಿಲ್ದಾಣದಿಂದ ಯೂರೋಸ್ಟಾರ್ ರೈಲಿನಲ್ಲಿ ಲಂಡನ್ ತಲುಪಲು ಎರಡೂವರೆ ಗಂಟೆಯೂ ಬೇಕಾಗುವುದಿಲ್ಲ. ಇದನ್ನು ನೋಡಿ ಲಂಡನ್‌ನಲ್ಲಿರುವ ಮಗನ ಅಥವಾ ಮಗಳ ಮನೆಗೂ ಹೋಗಿ ಬರಬಹುದೆಂದು ಹಲವರು ಯೋಚಿಸುವುದುಂಟು. ಆದರೆ ಬ್ರಿಟನ್ ಷೆಂಗೆನ್ ವಲಯಕ್ಕೆ ಸೇರಿರುವುದಿಲ್ಲ. ಅಲ್ಲಿಗೆ ಪ್ರತ್ಯೇಕ ವೀಸಾ ಬೇಕು. ಅದು ಕೈಯಲ್ಲಿದ್ದರೂ, ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾಗಿದ್ದಲ್ಲಿ ಲಂಡನ್‌ಗೆ ತೆರಳಿದ ಕ್ಷಣವೇ ಅದು ಮುಗಿದಂತಾಗುತ್ತದೆ. ಮರಳುವ ವಿಮಾನ ಪ್ಯಾರಿಸ್‌ನಿಂದ ಇದ್ದರೆ ಅದನ್ನು ಹತ್ತಲು ಮತ್ತೆ ಫ್ರಾನ್ಸ್ ಪ್ರವೇಶಿಸಲಾಗುವುದಿಲ್ಲ, ಲಂಡನ್‌ನಿಂದ ಹೊಸ ಟಿಕೆಟ್ ಕೊಳ್ಳಬೇಕಾಗುತ್ತದೆ. ಆದುದರಿಂದ ಲಂಡನ್ ಭೇಟಿಯ ಉದ್ದೇಶವಿರುವವರು ಅರ್ಜಿಯಲ್ಲಿಯೇ ಅದನ್ನು ತಿಳಿಸಿ ಎರಡು ಅಥವಾ ಬಹು ಪ್ರವೇಶದ ವೀಸಾ ಕೋರಬೇಕು. ಐರ್ಲೆಂಡಿಗೂ ಇದೇ ನಿಯಮ ಅನ್ವಯಿಸುತ್ತದೆ. ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಂ ಮೊದಲಾದ ನಗರಗಳು ವಲಯದೊಳಗೇ ಇರುವುದರಿಂದ ಈ ತೊಂದರೆ ಇಲ್ಲ.

ಹಣಕಾಸು

ಪ್ರವಾಸ ಪ್ಯಾಕೇಜ್ ಖರೀದಿಸುವಾಗ ಸಂಸ್ಥೆಯು ಮೂಲದಲ್ಲಿ ಸಂಗ್ರಹಿಸುವ ಆದಾಯ ತೆರಿಗೆಯು ಸಂಸ್ಥೆಯ ಶುಲ್ಕವಲ್ಲ. ಅದು ಖರೀದಿದಾರರ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತಿದ್ದು, ವಾರ್ಷಿಕ ರಿಟರ್ನ್ ಸಲ್ಲಿಸಿ ಹೊಂದಾಣಿಕೆ ಅಥವಾ ಮರುಪಾವತಿ ಪಡೆಯಬಹುದು. ರಿಟರ್ನ್ ಸಲ್ಲಿಸುವ ಅಭ್ಯಾಸವಿಲ್ಲದ ಹಿರಿಯ ನಾಗರಿಕರು ಈ ಮೊತ್ತವನ್ನು ಬಿಟ್ಟುಬಿಡಬಾರದು.

ನಗರದಲ್ಲಿ

ಪ್ಯಾರಿಸ್ ನಗರವನ್ನು 20 ವಿಭಾಗಗಳಾಗಿ ವಿಂಗಡಿಸಲಾಗಿದ್ದು, ಇವು ಮಧ್ಯಭಾಗದಿಂದ ಬಸವನಹುಳುವಿನ ಚಿಪ್ಪಿನಂತೆ ಸುತ್ತುತ್ತಾ ಹೊರಗೆ ಸಾಗುತ್ತವೆ. ವಿಳಾಸದ ಪಿನ್ ಸಂಖ್ಯೆಯ ಕೊನೆಯ ಎರಡು ಅಂಕಿಗಳು ವಿಭಾಗವನ್ನು ಸೂಚಿಸುತ್ತವೆ. 75005 ಎಂದರೆ ಐದನೆಯ ವಿಭಾಗ. ಹೋಟೆಲ್ ಆಯ್ಕೆಗೆ ಇದು ಬಹಳ ಉಪಯುಕ್ತ. ಹಳೆಯ ಕಟ್ಟಡಗಳ ಸಣ್ಣ ಹೋಟೆಲ್‌ಗಳಲ್ಲಿ ಲಿಫ್ಟ್ ಇಲ್ಲದಿರಬಹುದು. 1900ರಲ್ಲಿ ಆರಂಭವಾದ ಮೆಟ್ರೋ ರೈಲಿನ ಬಹುಪಾಲು ನಿಲ್ದಾಣಗಳಲ್ಲಿ ಮೆಟ್ಟಿಲುಗಳನ್ನು ಹತ್ತಿಳಿಯುವುದು ಅನಿವಾರ್ಯ. ಮೊಣಕಾಲು ನೋವಿರುವವರಿಗೆ ಬಸ್ ಉತ್ತಮ, ಊರೂ ಕಾಣಿಸುತ್ತದೆ.

ವಾರದ ರಜೆಗಳನ್ನು ನೋಡಿಕೊಂಡು ದಿನಚರಿ ಹಾಕಿಕೊಳ್ಳಬೇಕು. ಲೂವ್ರ್ ವಸ್ತುಸಂಗ್ರಹಾಲಯಕ್ಕೆ ಮಂಗಳವಾರ, ಓರ್ಸೇ ವಸ್ತುಸಂಗ್ರಹಾಲಯ ಹಾಗೂ ವರ್ಸೇಲ್ಸ್ ಅರಮನೆಗೆ ಸೋಮವಾರ ರಜೆ. ಪಾಂಪಿಡೂ ಕೇಂದ್ರವನ್ನು ನವೀಕರಣಕ್ಕಾಗಿ 2025ರಲ್ಲಿ ಮುಚ್ಚಲಾಗಿದ್ದು, 2030ರಲ್ಲಿ ತೆರೆಯುವ ಉದ್ದೇಶವಿದೆ. 2019ರ ಏಪ್ರಿಲ್ 15ರ ಬೆಂಕಿ ಅನಾಹುತದ ನಂತರ 2024ರ ಡಿಸೆಂಬರ್‌ನಲ್ಲಿ ಮರಳಿ ತೆರೆದ ನೋತ್ರ್ ದಾಮ್ ಚರ್ಚಿಗೆ ಪ್ರವೇಶ ಉಚಿತವಾಗಿದ್ದು, ಇದಕ್ಕೆ ಹಣ ಕೇಳುವವರ ಬಗ್ಗೆ ಎಚ್ಚರವಹಿಸಬೇಕು. ಐಫೆಲ್ ಗೋಪುರ ಮತ್ತು ಲೂವ್ರ್ ಟಿಕೆಟ್‌ಗಳನ್ನು ಅಧಿಕೃತ ಜಾಲತಾಣದಲ್ಲಿ ಮುಂಗಡವಾಗಿ ಕಾಯ್ದಿರಿಸುವುದು ಸೂಕ್ತ. ದಿನಕ್ಕೆ ಒಂದು ದೊಡ್ಡ ಸ್ಥಳ ಸಾಕು. ಹತ್ತು ದಿನಗಳಲ್ಲಿ ಏಳು ದೇಶಗಳೆಂಬ ಪ್ರವಾಸಗಳಲ್ಲಿ ಬಸ್ಸಿನ ಕಿಟಕಿಯೇ ಹೆಚ್ಚಾಗಿ ಕಾಣುತ್ತದೆ.

ಸಸ್ಯಾಹಾರಿಗಳಿಗೆ ಗಾರ್ ದ್ಯು ನಾರ್ ಮತ್ತು ಲಾ ಶಾಪೆಲ್ ಸುತ್ತಮುತ್ತ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ದೋಸೆ, ಇಡ್ಲಿ ದೊರೆಯುತ್ತವೆ. ಅದೇ ಭಾಗದಲ್ಲಿ ಮಾಣಿಕ್ಕ ವಿನಾಯಕರ್ ದೇವಾಲಯವೂ ಇದೆ. ಅಂಗಡಿಯನ್ನು ಪ್ರವೇಶಿಸಿದಾಗ ಮೊದಲು "ಬೊಂಜೂರ್" ಎನ್ನದೆ ನೇರವಾಗಿ ಬೆಲೆ ಕೇಳುವುದನ್ನು ಅಲ್ಲಿಯವರು ಅಸಭ್ಯತೆಯೆಂದು ಭಾವಿಸುತ್ತಾರೆ.

ಮೆಟ್ರೋ ಹಾಗೂ ಪ್ರವಾಸಿ ತಾಣಗಳಲ್ಲಿ ಜೇಬುಗಳ್ಳರಿರುವುದರಿಂದ ಪಾಸ್‌ಪೋರ್ಟ್ ಮತ್ತು ನಗದನ್ನು ಒಂದೇ ಚೀಲದಲ್ಲಿ ಇಡಬಾರದು. ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡತಕ್ಕದ್ದು. ಪಾಸ್‌ಪೋರ್ಟ್ ಕಳೆದಲ್ಲಿ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಅದರ ಪ್ರತಿಯೊಂದಿಗೆ 16ನೆಯ ವಿಭಾಗದಲ್ಲಿರುವ ಭಾರತೀಯ ರಾಯಭಾರ ಕಚೇರಿಯನ್ನು ಸಂಪರ್ಕಿಸಬೇಕು. ಪಾಸ್‌ಪೋರ್ಟ್ ಮತ್ತು ವೀಸಾದ ನೆರಳಚ್ಚು ಪ್ರತಿಗಳನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡು, ಒಂದು ಜೊತೆಯನ್ನು ಊರಿನಲ್ಲಿರುವ ಮನೆಯವರ ಬಳಿಯೂ ಬಿಟ್ಟು ಹೊರಡತಕ್ಕದ್ದು.