ಚಹದ ಸುಂಕ: ಹೊರೆಯೋ, ಹಕ್ಕೋ?

ಅಮೆರಿಕದ ವಸಾಹತುಗಳು ತೆರಿಗೆಯ ಭಾರವನ್ನು ತಾಳಲಾರದೆ ದಂಗೆಯೆದ್ದುವೆಂದು ವಿದ್ಯಾರ್ಥಿಗಳು ಬರೆಯುವುದುಂಟು. ಈ ಅಭಿಪ್ರಾಯವನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

1765ರ ಸ್ಟಾಂಪ್ ಶಾಸನವು ಪತ್ರಿಕೆ, ದಸ್ತಾವೇಜುಗಳ ಮೇಲೆ ಸುಂಕ ವಿಧಿಸಿದಾಗ, 9 ವಸಾಹತುಗಳ ಪ್ರತಿನಿಧಿಗಳು ನ್ಯೂಯಾರ್ಕಿನಲ್ಲಿ ಸೇರಿ, ತಮ್ಮವರಾರೂ ಇಲ್ಲದ ಪಾರ್ಲಿಮೆಂಟಿಗೆ ತಮ್ಮ ಮೇಲೆ ತೆರಿಗೆ ಹಾಕುವ ಅಧಿಕಾರವಿಲ್ಲವೆಂದು ಸಾರಿದರು. ಬಹಿಷ್ಕಾರದಿಂದ ನಷ್ಟಕ್ಕೀಡಾದ ಬ್ರಿಟಿಷ್ ವರ್ತಕರೂ ಒತ್ತಾಯಪಡಿಸಲಾಗಿ 1766ರಲ್ಲಿ ಶಾಸನವು ರದ್ದಾಯಿತು. ಆದರೆ ಅದರೊಡನೆಯೇ, ವಸಾಹತುಗಳನ್ನು ಸಕಲ ವಿಷಯಗಳಲ್ಲಿಯೂ ಶಾಸನಗಳಿಂದ ಬಂಧಿಸುವ ಹಕ್ಕು ತನಗುಂಟೆಂದು ಪಾರ್ಲಿಮೆಂಟು ಘೋಷಿಸಿತು. ವಿವಾದದ ಬೇರು ಉಳಿದೇ ಉಳಿಯಿತು.

1767ರ ಟೌನ್‌ಷೆಂಡ್ ಸುಂಕಗಳು 1770ರಲ್ಲಿ ರದ್ದಾದಾಗಲೂ, ಪೌಂಡಿಗೆ 3 ಪೆನ್ಸಿನಷ್ಟಿದ್ದ ಚಹದ ಸುಂಕವನ್ನು ಆ ಹಕ್ಕಿನ ಕುರುಹಾಗಿ ಉಳಿಸಿಕೊಳ್ಳಲಾಯಿತು. ಬಂಗಾಳದಲ್ಲಿ ರಾಜ್ಯಾಧಿಕಾರ ಗಳಿಸಿಯೂ ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಉದ್ಧರಿಸಲು, 1773ರಲ್ಲಿ ಅದಕ್ಕೆ ಇಂಗ್ಲೆಂಡಿನ ಸುಂಕವನ್ನು ಹಿಂದಿರುಗಿಸಿ, ಚಹವನ್ನು ನೇರವಾಗಿ ಅಮೆರಿಕಕ್ಕೆ ಕಳುಹಿಸಲು ಅನುಮತಿಯಿತ್ತರು. ಚಹ ಅಗ್ಗವಾಗುವಂತಿತ್ತು, ಆದರೂ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನಲ್ಲಿ 342 ಪೆಟ್ಟಿಗೆಗಳ ಚಹ ಕಡಲಪಾಲಾಯಿತು.

ಕಳ್ಳಸಾಗಣೆಯಿಂದ ಲಾಭ ಪಡೆಯುತ್ತಿದ್ದ ವರ್ತಕರ ಸ್ವಾರ್ಥವೂ ಇದರಲ್ಲಿ ಸೇರಿತ್ತೆಂಬುದು ನಿಜ. ಆದರೆ ಅಗ್ಗದ ಚಹವನ್ನು ಕೊಂಡವನು ಸುಂಕವನ್ನೂ, ಅದರ ಹಿಂದಿದ್ದ ಹಕ್ಕನ್ನೂ ಒಪ್ಪಿದಂತಾಗುತ್ತಿತ್ತು. ಆದುದರಿಂದ, ತೆರಿಗೆ ಎಷ್ಟೆಂಬುದಕ್ಕಿಂತ ಅದನ್ನು ವಿಧಿಸುವವರಾರೆಂಬ ಪ್ರಶ್ನೆಯೇ ಈ ಪ್ರತಿಭಟನೆಯ ತಿರುಳೆಂದು ನಾವು ಭಾವಿಸುತ್ತೇವೆ.